ಬೆಳಕಿಂಡಿಯ ಕೆಳಗಿನ ಭಾಂಡೆಗಳು

ನಮ್ಮ ಮರೋಳದಲ್ಲಿ ಆಗೆಲ್ಲ ದಸರೆ ಬಂತೆಂದರೆ ದೇವಿಗಿಂತ ಮೊದಲು ಮನೆಯೇ ಹೊರಗೆ ಬರುತ್ತಿತ್ತು. ಘಟ ಕೂರಿಸುವ ಮುಂಚೆ ಒಂದು ಸೂಜಿಯೂ ಒಳಗುಳಿಯಬಾರದು. ಟ್ರಂಕು, ಗಾದಿ, ಕೌದಿ, ಬೀಸುವ ಕಲ್ಲು, ಉಪ್ಪಿನಕಾಯಿ ಭರಣಿ, ಗೋಡೆಯ ಮೇಲಿನ ದೇವರ ಪಟ, ಎಲ್ಲವೂ ಓಣಿಗೆ. ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ನೆಲಕ್ಕೆ ಶಗಣಿ. ಎಪ್ಪತ್ತರ ದಶಕದ ಆ ಊರಿನಲ್ಲಿ ಮುಚ್ಚಿಟ್ಟುಕೊಳ್ಳುವಂಥದ್ದು ಯಾರ ಮನೆಯಲ್ಲೂ ಹೆಚ್ಚಿರಲಿಲ್ಲ. ಇದ್ದರೂ ಆ ವಾರ ಅದು ಬಿಸಿಲಿಗೆ ಬಂದು ಕೂರುತ್ತಿತ್ತು. ಯಾರ ಕೌದಿಗೆ ಎಷ್ಟು ತೇಪೆ, ಯಾರ ಸೊಸೆ ತವರಿನಿಂದ ಏನು ತಂದಿದ್ದಾಳೆ, ಎಲ್ಲ ಓಣಿಗೇ ಗೊತ್ತಾಗುತ್ತಿತ್ತು.

ನಮಗೆ ಹುಡುಗಿಯರಿಗೆ ಅದು ಹಬ್ಬಕ್ಕಿಂತ ದೊಡ್ಡ ಹಬ್ಬ. ಬೇರೆ ದಿನ ಬೆಂಕಿಪೆಟ್ಟಿಗೆ, ಬೋಕಿಚೂರು ಜೋಡಿಸಿಕೊಂಡು ಮನೆ ಆಟ ಆಡುತ್ತಿದ್ದವರಿಗೆ ಆ ವಾರ ಖರೇ ಮನೆಯೇ ಸಿಗುತ್ತಿತ್ತು. ಬೇವಿನ ಗಿಡದ ಕೆಳಗೆ ಖರೇ ಟ್ರಂಕಿನ ಮೇಲೆ ಕೂತು, ಖರೇ ಪರಾತದಲ್ಲಿ ಎಕ್ಕೆಯೆಲೆಯ ರೊಟ್ಟಿ ಬಡಿದು, ಖರೇ ಕೌದಿ ಹೊದ್ದು ಮಟಮಟ ಮಧ್ಯಾಹ್ನ ಮಲಗುತ್ತಿದ್ದೆವು. ಬಿಸಿಲುಂಡ ಕೌದಿಯಿಂದ ಸೀಗೆಕಾಯಿ, ಒಲೆಯ ಹೊಗೆ, ಹಳ್ಳದ ನೀರು ಎಲ್ಲ ಕೂಡಿದ ಒಂದು ವಾಸನೆ ಬರುತ್ತಿತ್ತು. ಅರೆನಿದ್ದೆಯಲ್ಲಿ ಹಣ್ಣಾದ ಬೇವಿನೆಲೆ ಬಂದು ಕೆನ್ನೆ ಮೇಲೆ ಬೀಳುತ್ತಿತ್ತು. ಮನೆಗೆ ಗೋಡೆ ಯಾಕೆ ಬೇಕಪ್ಪ ಅಂತ ಆಗ ನನಗೆ ಅನ್ನಿಸುತ್ತಿತ್ತು.

ಆದರೂ ನನಗೆ ಹೆಚ್ಚು ಹುಚ್ಚು ಹಿಡಿಸುತ್ತಿದ್ದುದು ಖಾಲಿಯಾದ ಒಳಮನೆ. ಎಲ್ಲರೂ ಹೊರಗಿರುವಾಗ ನಾನೊಬ್ಬಳೇ ಮೆಲ್ಲಗೆ ಒಳಹೊಕ್ಕು ಪಡಸಾಲೆಯಲ್ಲಿ ನಿಂತು "ಕೂ" ಅನ್ನುತ್ತಿದ್ದೆ. ಮನೆ ತಿರುಗಿ "ಕೂ" ಅನ್ನುತ್ತಿತ್ತು. ಬೇರೆ ದಿನ ಈ ಮನೆ ಎಲ್ಲಿ ಮಾತಾಡುತ್ತಿತ್ತು! ಹಸಿ ಸುಣ್ಣದ ವಾಸನೆ ಮೂಗಿನ ಒಳಗೆ ತಣ್ಣಗೆ ಇಳಿಯುತ್ತಿತ್ತು. ಮಣ್ಣಿನ ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರಿಂದ ಬಿಸಿಲು ನೇರ ಪಡಸಾಲೆಗೆ ಇಳಿದು, ಅದರೊಳಗೆ ಧೂಳು ನಿಧಾನಕ್ಕೆ ಸುತ್ತುತ್ತಿತ್ತು. ನಾನು ಅದರಲ್ಲಿ ಅಂಗೈ ಹಿಡಿದು ನಿಲ್ಲುತ್ತಿದ್ದೆ, ಅದು ಬಿಸಿಯಾಗುವವರೆಗೆ.

ಆ ಬೆಳಕು ಬೀಳುವ ಜಾಗ ಮಾತ್ರ ಎಂದೂ ಖಾಲಿಯಾಗುತ್ತಿರಲಿಲ್ಲ. ಅಲ್ಲಿ ನೆಲಕ್ಕೆ ಹಲಗೆ ಹಾಸಿ ಅದರ ಮೇಲೆ ಒಂದಷ್ಟು ಭಾಂಡೆ ಒಟ್ಟಿದ್ದರು. ಹಿತ್ತಾಳೆಯ ಬೋಗೋಣಿ, ಡಬರಿ, ಮುಚ್ಚಳದ ಡಬ್ಬಿ, ಕಿವಿ ಮುರಿದ ಕಡಾಯಿ. ಅವುಗಳ ಮೇಲೆ ಹರಕು ಚೀಲ, ಚೀಲದ ಮೇಲೆ ಮುರಿದ ಮೊರ, ಅದರ ಮೇಲೆ ಮತ್ತೇನೋ. ಜಾಗ ಸಿಕ್ಕಿತೆಂದರೆ ಸಾಮಾನು ಬಂದು ಕೂರುತ್ತದೆ, ಬೀಗರು ಬಂದ ಹಾಗೆ. ವರ್ಷ ವರ್ಷವೂ ಚೀಲ, ಮೊರ ಹೊರಗೆ ಹೋಗುತ್ತಿದ್ದವು. ಭಾಂಡೆ ಮಾತ್ರ ಅಲ್ಲೇ. ಅಪ್ಪನ ತಾಯಿ, ನಮ್ಮ ಆಯಿ, ಅವುಗಳ ಸುತ್ತಲೇ ಶಗಣಿ ಸಾರಿಸುತ್ತಿದ್ದಳು.

"ಅವು ಮಂದಿ ಭಾಂಡಿ. ಯಾರೂ ಮುಟ್ಟಬ್ಯಾಡ್ರಿ" ಅನ್ನುತ್ತಿದ್ದಳು. ಅಷ್ಟೇ.

ಆ ಹಲಗೆಯ ಕೆಳಗೆ ಅಜ್ಜನ ಮಗ್ಗದ ಕುಣಿ ಇತ್ತು. ನೇಕಾರ ಕಾಲು ಇಳಿಬಿಟ್ಟು ಕೂತು ನೇಯುವ ತಗ್ಗು ಅದು. ಬೆಳಕು ಚೆನ್ನಾಗಿ ಬೀಳಲಿ ಅಂತಲೇ ಅಜ್ಜ ಮಗ್ಗವನ್ನು ಅಲ್ಲಿ ಹೂಡಿದ್ದನಂತೆ. ನಾನು ಅವನನ್ನು ನೋಡಲೇ ಇಲ್ಲ. ನನ್ನನ್ನು ಹೆರಲು ಅವ್ವ ಇಲಕಲ್ಲಿನ ತವರಿಗೆ ಹೋಗಿದ್ದಾಗ ಅವನು ತೀರಿಕೊಂಡಿದ್ದ. ಅಪ್ಪನಿಗೆ ನೇಯುವುದು ಬರುತ್ತಿರಲಿಲ್ಲ. ಅವನು ಹತ್ತಿ ಜಿನ್ನಿಗೆ ಕೆಲಸಕ್ಕೆ ಹೋಗುತ್ತಿದ್ದ. ಮಗ್ಗ ಬಿಚ್ಚಿ ಅಜ್ಜನ ತಮ್ಮನಿಗೆ ಕೊಟ್ಟು ಕುಣಿಗೆ ಹಲಗೆ ಮುಚ್ಚಿದ್ದರು.

ಅವ್ವ ನೇಯುವ ಮನೆಯ ಮಗಳು. ಮದುವೆಗೆ ಮುಂಚೆ ತನ್ನ ಮಗ್ಗದಲ್ಲಿ ಇಲಕಲ್ಲ ಸೀರೆ ನೇಯ್ದವಳು. ಅತ್ತೆಯ ಮನೆಗೆ ಬಂದ ಮೇಲೆ ರೊಟ್ಟಿ ಬಡಿ, ನೀರು ತಾ, ಕಸ ಹೊಡಿ. ಕಟ್ಟೆಯ ಮೇಲೆ ಮಾತಾಡುತ್ತ ಕೂತಾಗಲೂ ಅವಳ ಕೈಗಳು ಲಾಳಿಯನ್ನು ಇತ್ತಿಂದ ಅತ್ತ ಒಗೆದು ಹಿಡಿಯುವಂತೆ ಸುಮ್ಮನೆ ಆಡುತ್ತಿದ್ದವು. ಅದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ನಾನು ಮೂರನೇ ಇಯತ್ತೆಯಲ್ಲಿದ್ದ ವರ್ಷ ದಸರೆಗೆ ಮುಂಚೆ ಇಲಕಲ್ಲಿನಿಂದ ಮಾಮಾ ಬಂದ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅಂದ:

"ಅಕ್ಕಾ, ಮನ್ಯಾಗ ಹೊಸಾ ಮಗ್ಗ ಕೂಡಸಾಕತ್ತೇವಿ. ನಿನ್ನ ಮಗ್ಗಕ್ಕ ಇನ್ನ ಅಲ್ಲಿ ಜಾಗಾ ಇಲ್ಲ. ಘಟಾ ಕೂಡೂದ್ರಾಗ ಇಲ್ಲಿ ಜಾಗಾ ಮಾಡಿದ್ರ ಚಕ್ಕಡಿ ಮ್ಯಾಲ ಹೇರ್ಕೊಂಡ ಬರ್ತೇನಿ. ಇಲ್ಲಾಂದ್ರ ಓಣ್ಯಾಗ ಕೇಳಾಕತ್ತಾರ, ಕೊಟ್ಟಬಿಡ್ತೇನಿ. ಆಮ್ಯಾಲ ನನಗ ಬೈಬ್ಯಾಡ."

ಅವ್ವನ ಮುಖಕ್ಕೆ ರಕ್ತ ಏರಿತು. ಆ ಮಗ್ಗ ಹೋಯಿತೆಂದರೆ ಅವಳ ಪಾಲಿಗೆ ಇನ್ನು ಜೀವಮಾನ ರೊಟ್ಟಿ ಕಲ್ಲೇ ಗತಿ. ಕುಣಿ ಇದ್ದದ್ದು ಒಂದೇ, ಬೆಳಕಿಂಡಿಯ ಕೆಳಗೆ. ಅಪ್ಪನನ್ನು ಕೇಳಿದರೆ "ಅತ್ತಿ-ಸೊಸಿ ನೀವಽ ಏನರ ಮಾಡ್ಕೋರಿ" ಅಂತ ಹೆಗಲಿಗೆ ಟಾವೆಲು ಹಾಕಿ ಜಿನ್ನಿಗೆ ನಡೆದ. ಗಂಡಸರ ಧೈರ್ಯವೆಲ್ಲ ಇಂಥಲ್ಲೇ ಕಾಣುವುದು.

"ಅತ್ತೀ, ಈ ಸಲ ಆ ಭಾಂಡಿ ಅವರವರ ಮನಿಗೆ ಮುಟ್ಟಸೋಣ್ರಿ" ಅಂದಳು ಅವ್ವ.

"ಅವು ಹೋಗೂ ಭಾಂಡಿ ಅಲ್ಲ."

"ಯಾಕ್ರಿ?"

"ಅಲ್ಲ ಅಂದ್ರ ಅಲ್ಲ." ಆಯಿ ಎಲೆ ಅಡಿಕೆ ಬಾಯಿಗೆ ಹಾಕಿದಳು. ಎಲೆ ಅಡಿಕೆ ಹಾಕಿದಳೆಂದರೆ ಮಾತು ಮುಗಿಯಿತು.

ಮರುದಿನ ಆಯಿ ಓಣಿಯ ಹೆಂಗಸರ ಜೊತೆ ಕೌದಿ ಒಗೆಯಲು ಹಳ್ಳಕ್ಕೆ ಹೋದಳು. ಅವ್ವ ಅದನ್ನೇ ಕಾಯುತ್ತಿದ್ದಳು. ಸೆರಗು ಸಿಗಿಸಿ, ಹುಣಸೆಹಣ್ಣು, ಬೂದಿ ಹಾಕಿ ಭಾಂಡೆಗಳನ್ನು ತಿಕ್ಕಿದಳು. ಹಸಿರುಗಟ್ಟಿದ್ದ ಹಿತ್ತಾಳೆಯೆಲ್ಲ ಹಳದಿ ಬಣ್ಣಕ್ಕೆ ತಿರುಗಿತು. ಕಂಠದ ಹತ್ತಿರ ಕುಟ್ಟಿಸಿದ್ದ ಹೆಸರುಗಳು ಎದ್ದು ಕಂಡವು. ಮಂದಿಯ ಭಾಂಡೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಇದು ನಮ್ಮ ಕಡೆ ಹಾಲುಹಲ್ಲಿನ ಕೂಸಿಗೂ ಗೊತ್ತು. ಅವ್ವ ಶೇಂಗಾ ಹುರಿದು ಬೆಲ್ಲ ಕುಟ್ಟಿ ಉಂಡಿ ಕಟ್ಟಿದಳು. ಒಂದೊಂದು ಭಾಂಡೆಯಲ್ಲಿ ಒಂದಿಷ್ಟು ಉಂಡಿ ಇಟ್ಟಳು. ಮೊದಲನೆಯದನ್ನು ನನ್ನ ಕೈಗೆ ಕೊಟ್ಟು "ಬೀರವ್ವನ ಮನಿದು, ಕೊಟ್ಟ ಬಾ. ಹಾದ್ಯಾಗ ತಿನ್ನಬ್ಯಾಡ" ಅಂದಳು.

ಬೀರವ್ವನದು ಓಣಿಯ ಕೊನೆಯ ಮನೆ. ಬೀರಪ್ಪ ದೇವರ ಒಕ್ಕಲು, ಕುರಿ ಸಾಕಿದವರು. ಗಂಡ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಬೀರವ್ವ ಅಂಗಳದಲ್ಲಿ ಮರಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ಆಮೇಲೆ ನನ್ನ ಕೈಯಲ್ಲಿದ್ದ ಬೋಗೋಣಿ ನೋಡಿದಳು.

"ಅಲ್ಲೇ ನಿಂದ್ರಽ! ಹೊಸ್ತಿಲಾ ದಾಟಬ್ಯಾಡ!"

ನಾನು ನಿಂತೆ. ಅವಳಿಗೆ ಸಿಟ್ಟು ಬಂದಿರಲಿಲ್ಲ, ಹೆದರಿಕೆಯಾಗಿತ್ತು. ಸೊಪ್ಪು ಕೈಯಿಂದ ಬಿದ್ದುಹೋಯಿತು.

"ಕುರಿ ಹಿಂದ ಹೋದಾಂವ ಇನ್ನೂ ಮನಿಗೆ ಬಂದಿಲ್ಲ ನನ್ನ ಗಂಡ. ಈಗ ಇದನ್ನ ತುಂಬಿಕೊಂಡ ಬಂದೀಯಲ್ಲ, ತಂಗೀ! ಯಾರ ಕಳಿಸಿದ್ರ ನಿನ್ನ? ಒಯ್ಯಿ, ಮದಲ ಒಯ್ಯಿ!" ಅಂತ ಅಳಲು ಶುರುಮಾಡಿದಳು.

ನನಗೆ ಏನೂ ತಿಳಿಯಲಿಲ್ಲ. ಉಂಡಿ ನೋಡಿ ಅಳುವವರನ್ನು ನಾನು ಕಂಡದ್ದು ಅದೇ ಮೊದಲು. ಬೋಗೋಣಿ ಅವುಚಿಕೊಂಡು ಓಡಿ ಬಂದೆ. ಅಷ್ಟರಲ್ಲಿ ಆಯಿ ಹಸಿ ಕೌದಿಯ ಗಂಟು ತಲೆ ಮೇಲೆ ಹೊತ್ತು ಹಳ್ಳದಿಂದ ಬಂದಿದ್ದಳು. ಸಾಲಾಗಿ ಹೊಳೆಯುವ ಭಾಂಡೆ, ಒಳಗೆ ಉಂಡಿ, ನನ್ನ ಕೈಯಲ್ಲಿ ಬೀರವ್ವನ ಬೋಗೋಣಿ. ಗಂಟು ಅಲ್ಲೇ ಕೆಡವಿ ನೆಲ ಮುಗಿಲು ಒಂದು ಮಾಡಿದಳು.

"ಅಯ್ಯ ನನ ಶಿವನ! ಸಾವಿನ ಮನಿ ಬುತ್ತಿ ಭಾಂಡಿ ತುಂಬಿ ಕಳಿಸೀದೇನಽ ಗಂಗಾ! ನಿನಗ ಬುದ್ಧಿ ಐತೋ ಇಲ್ಲೊ?"

ಆಗ ಗೊತ್ತಾಯಿತು. ಅಜ್ಜ ಸತ್ತಾಗ ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಓಣಿಯವರು ರೊಟ್ಟಿ, ನುಚ್ಚು, ಮಜ್ಜಿಗೆ ತಂದು ಇಟ್ಟುಹೋಗಿದ್ದ ಭಾಂಡೆಗಳಿವು. ಇಂಥವನ್ನು ಬರಿದು ಕೊಟ್ಟರೆ "ನಿಮ್ಮ ಮನೆ ಬರಿದಾಗಲಿ" ಅಂದ ಹಾಗೆ. ತುಂಬಿ ಕೊಟ್ಟರೆ ನಮ್ಮ ಸಾವನ್ನು ಅವರ ಮನೆಗೆ ಹೊತ್ತು ಹಾಕಿದ ಹಾಗೆ. ಇದಕ್ಕೆ ಇರುವುದು ಒಂದೇ ದಾರಿ: ಸತ್ತವರ ಕಾರ್ಯದ ದಿನ ಭಾಂಡೆಯವರೇ ಬಂದು ಉಂಡು, ತಮ್ಮ ತಮ್ಮದನ್ನು ತಾವೇ ಎತ್ತಿಕೊಂಡು ಹೋಗಬೇಕು. ಆದರೆ ಅಜ್ಜನ ಕಾರ್ಯದ ದಿನ ಆಯಿ ಜ್ವರ ಬಂದು ಮೇಲೇಳದೆ ಮಲಗಿದ್ದಳು. ಅಜ್ಜನ ತಮ್ಮ ತನ್ನ ಹೊಲದ ಮನೆಯಲ್ಲಿ ಹೇಗೋ ನಾಲ್ಕು ಮಂದಿಗೆ ಉಣಿಸಿ ಮುಗಿಸಿದ್ದ. ಭಾಂಡೆ ಇಲ್ಲೇ ಉಳಿದವು. ಕೇಳುವ ಬಾಯಿ ಅವರಿಗಿಲ್ಲ, ಕೊಡುವ ದಾರಿ ಇವಳಿಗಿಲ್ಲ. ತವರಲ್ಲಿ ಬಾಣಂತಿಯಾಗಿದ್ದ ಅವ್ವನಿಗೆ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ.

"ಹಂಗಾದ್ರ ಈಗ ಕರೀರಿ ಅವರನ್ನ!" ಅಂದಳು ಅವ್ವ.

"ಅಂವಾ ಹೋಗಿ ಏಸ ವರ್ಷಾತು. ಈಗ ಎಲ್ಲೀ ಕಾರ್ಯ? ಇಡು ಅವನ್ನ, ಎಲ್ಲಿದ್ದುವೋ ಅಲ್ಲೇ ಇಡು."

"ನಿಮಗ ಮಂದಿ ಭಾಂಡಿಗೆ ಇರೋ ಜಾಗಾ ಸ್ವಂತ ಸೊಸಿಗಿಲ್ಲ ಬಿಡ್ರಿ!"

ಅವ್ವ ಉಂಡಿಯನ್ನೆಲ್ಲ ಒಂದು ಬುಟ್ಟಿಗೆ ಸುರಿದು, ಭಾಂಡೆಗಳನ್ನು ಒಂದೊಂದಾಗಿ ತಂದು ಹಲಗೆಯ ಮೇಲೆ ಇಟ್ಟಳು. ಆಮೇಲೆ ಅಲ್ಲೇ ಗೋಡೆಗೆ ಮುಖ ಮಾಡಿ ಕೂತಳು. ಹಸಿ ಸುಣ್ಣ ಸೀರೆಗೆ ಹತ್ತಿತು, ಅವಳಿಗೆ ಅದರ ಖಬರಿರಲಿಲ್ಲ. ಅವ್ವ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೊರಗಿನ ಟ್ರಂಕಿನ ಮೇಲೆ ಕೂತು ಒಬ್ಬಳೇ ಉಂಡಿ ತಿಂದೆ.

ಮರುದಿನ ಮಾಬವ್ವ ಬಂದಳು. ಅವಳೂ ಅವಳ ಗಂಡನೂ ನಮ್ಮ ಹಿಂದಿನ ಓಣಿಯ ಪಿಂಜಾರರು. ದಸರೆಗೆ ಗಾದಿಯ ಹತ್ತಿ ಬಿಡಿಸಿ ಹೊಸದಾಗಿ ತುಂಬಿ ಕೊಡುತ್ತಿದ್ದರು. ಬೇವಿನ ಗಿಡದ ಕೆಳಗೆ ಹತ್ತಿ ಹಿಂಜುವ ಬಿಲ್ಲು ಟಂಯ್ ಟಂಯ್ ಅನ್ನತೊಡಗಿತು. ಹಳೆಯ ಹತ್ತಿ ಎದ್ದು ಗಾಳಿಯಲ್ಲಿ ತೇಲಿ, ಬಾಗಿಲಿನಿಂದ ಒಳಗೆ ಬಂದು, ಬೆಳಕಿಂಡಿಯ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೆಳಗೂ ಇಳಿಯದೆ ಮೇಲೂ ಹೋಗದೆ ನಿಂತಿರುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತ ಮಲಗಿದ್ದೆ. ಆ ಮಧ್ಯಾಹ್ನ ಮುಗಿಯಲೇ ಇಲ್ಲವೇನೋ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಉಣ್ಣುವ ಹೊತ್ತಿಗೆ ಮಾಬವ್ವ ಪಡಸಾಲೆಗೆ ಬಂದು ಕೂತಳು, ರೆಪ್ಪೆಯ ಮೇಲೆಲ್ಲ ಹತ್ತಿ. ಅವ್ವ ಕೆಂಪು ಕಣ್ಣಲ್ಲೇ ಸಜ್ಜೆರೊಟ್ಟಿ, ಪುಂಡಿಪಲ್ಯ ತಂದಳು. ಮಾಬವ್ವ ಅವಳನ್ನು ನೋಡಿದಳು, ಭಾಂಡೆ ನೋಡಿದಳು. ಬೀರವ್ವನ ಅಳು ಅಷ್ಟರಲ್ಲಿ ಓಣಿಗೆಲ್ಲ ಮುಟ್ಟಿತ್ತು.

"ಅಲಾ, ಅದು ನನ್ನ ಡಬರಿ ಅಲ್ಲೇನು?" ಅಂತ ಎದ್ದು ಹೋಗಿ ಎತ್ತಿಯೇಬಿಟ್ಟಳು.

"ಬ್ಯಾಡ ಮಾಬವ್ವಾ, ಅತ್ತಿ ಸಿಟ್ಟಿಗೇಳ್ತಾಳ..."

"ತುಂಬಿ ಕೊಡಬ್ಯಾಡ, ಬರೇದೂ ಕೊಡಬ್ಯಾಡ. ಇದರಾಗಽ ಹಾಕು, ನಾ ಇಲ್ಲೇ ಉಣ್ತೇನಿ. ನನ್ನ ಭಾಂಡ್ಯಾಗ ನಾ ಉಣ್ಣಾಕ ಯಾರಪ್ಪಂದೇನು?"

ಡಬರಿಯಲ್ಲೇ ರೊಟ್ಟಿ ಮುರಿದು, ಪಲ್ಯ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಉಂಡಳು. ಯಾವ ಅವಸರವೂ ಇಲ್ಲ. ತೇಗಿದಳು. ಬಚ್ಚಲಿಗೆ ಹೋಗಿ ಡಬರಿ ತೊಳೆದು ಬಗಲಲ್ಲಿ ಇಟ್ಟುಕೊಂಡು ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಆಯಿ ನಿಂತಿದ್ದಳು. ಯಾವಾಗ ಬಂದಿದ್ದಳೋ!

ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ನೆಲ ಮುಗಿಲು ಒಂದಾಗುತ್ತದೆ ಅಂದುಕೊಂಡೆ.

"ಯಕ್ಕಾ," ಅಂದಳು ಮಾಬವ್ವ, "ನಿನ್ನ ಗಂಡ ನನಗ ತಂಗಿ ಅಂತಿದ್ದ. ಅವನ ಕಾರ್ಯದ ಊಟಾ ಇವತ್ತ ಉಂಡೆ ನೋಡು. ತಡಾ ಆತು, ಆಗಲಿ. ಅಂವಾ ಏನ್ ಸಿಟ್ಟಾಗಾಂವಲ್ಲ."

ಅವಳು ಹೊರಗೆ ಹೋದ ಮೇಲೆ ಬಿಲ್ಲು ಮತ್ತೆ ಟಂಯ್ ಟಂಯ್ ಅನ್ನತೊಡಗಿತು. ಆಯಿ ಬಂದು ಭಾಂಡೆಗಳ ಹತ್ತಿರ ನೆಲಕ್ಕೆ ಕೂತಳು. ಡಬರಿ ಇದ್ದ ಜಾಗದಲ್ಲಿ ಹಲಗೆ ಕಾಣುತ್ತಿತ್ತು. ಅದರ ಮೇಲೆ ಕೈಯಾಡಿಸಿದಳು.

"ಇವು ಇಲ್ಲಿ ಇರೂತನಾ ಅವನ ಕಾರ್ಯ ಮುಗಿದಿಲ್ಲ ಅಂತ ಇತ್ತು ನನಗ" ಅಂದಳು, ಯಾರಿಗೆ ಅಂತಿಲ್ಲ. "ಮುಗೀಲಿಲ್ಲಂದ್ರ ಅಂವಾ ಇಲ್ಲೇ ಎಲ್ಲೋ ಅದಾನ ಅಂತ. ಇವು ಹೋದ್ರ ಅಂವಾ ಖರೇನ ಹೋದಂಗ. ನನಗ ಅಂವಾ ಬೇಕಾಗಿದ್ದ, ಗಂಗಾ."

ಅವ್ವ ಬಂದು ಅವಳ ಪಕ್ಕ ಕೂತಳು. ಅತ್ತೆಯ ಸಮಕ್ಕೆ ಕೂರುವ ರೂಢಿ ಅವಳಿಗಿರಲಿಲ್ಲ. ಅವತ್ತು ಹಾಗೇ ಕೂತಳು. ಬಿಸಿಲು ಮೆಲ್ಲಗೆ ಸರಿದು ಗೋಡೆ ಹತ್ತಿತು.

"ಕುಟ್ಟಿದ ಗೋಧಿ ಐತೇನು?" ಆಯಿ ಕೇಳಿದಳು.

"ಐತ್ರಿ."

"ಹುಗ್ಗಿ ಮಾಡು ನಾಳೆ. ಬೆಲ್ಲಾ ಕಮ್ಮಿ ಮಾಡಬ್ಯಾಡ, ಅವಗ ಸಿಹಿ ಭಾಳ ಬೇಕಿತ್ತು. ಏ ನೀಲೀ, ಬಾಯಿ ಮುಚ್ಚಿ ಏಳು. ಬೀರವ್ವನ ಮನಿಗೆ ಹೋಗು, ಆಮ್ಯಾಲ ಉಳಿದ ಭಾಂಡಿಯವರ ಮನಿಗೂ. ಉಣ್ಣಾಕ ಬಾ ಅಂತ ನಮ್ಮ ಆಯಿ ಕರದಾಳ ಅನ್ನು."

ಮರುದಿನ ಮಧ್ಯಾಹ್ನ ಅವರೆಲ್ಲ ಬಂದರು. ಮನೆಯ ಸಾಮಾನು ಇನ್ನೂ ಓಣಿಯಲ್ಲೇ ಇತ್ತು. ಬರೀ ಗೋಡೆ, ಬರೀ ನೆಲ, ಬೆಳಕಿಂಡಿಯ ಸುತ್ತ ಹೆಂಗಸರು, ಒಬ್ಬೊಬ್ಬರ ಮುಂದೆ ಅವರವರ ಭಾಂಡೆ. ತೀರಿಹೋದ ತನ್ನ ಅತ್ತೆಯ ಹೆಸರಿದ್ದ ಕಡಾಯಿ ಹುಡುಕಿಕೊಂಡು ಓಣಿಯ ಒಬ್ಬ ಸೊಸೆ ಬಂದಳು. ಅದರ ಹೆಸರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಉಂಡಳು. ಮಾಬವ್ವ ಬಗಲಲ್ಲಿ ಡಬರಿ ಇಟ್ಟುಕೊಂಡು ಮತ್ತೆ ಬಂದಿದ್ದಳು. "ನಿನ್ನಿ ಹುಗ್ಗಿ ಇರಲಿಲ್ಲಲ್ಲ, ಅದು ಲೆಕ್ಕಕ್ಕಿಲ್ಲ" ಅಂದಳು. ಆಯಿ ಸೌಟು ಹಿಡಿದು ತಾನೇ ಬಡಿಸಿದಳು, ಬೇಡ ಬೇಡವೆಂದರೂ ಮೇಲೆ ತುಪ್ಪ ಸುರಿದಳು.

ಬೀರವ್ವ ಕೊನೆಗೆ ಬಂದಳು. ಬಾಗಿಲಲ್ಲಿ ಅಳುಕುತ್ತ ನಿಂತವಳನ್ನು ಆಯಿ ಕೈಹಿಡಿದು ಒಳಗೆ ಕರೆದಳು. "ಸೊಸಿಗೆ ಗೊತ್ತಿರಲಿಲ್ಲವ್ವಾ. ತಪ್ಪು ನಂದು, ನಾ ಹೇಳಿರಲಿಲ್ಲ" ಅಂದಳು. ಅವ್ವ ಬಗ್ಗಿ ಹುಗ್ಗಿಗೆ ಹಾಲು ಹಾಕುತ್ತಿದ್ದವಳು ಹಾಗೇ ನಿಂತಳು. ಆಯಿಯ ಬಾಯಲ್ಲಿ "ತಪ್ಪು ನಂದು" ಅನ್ನುವುದು ಊರಿನವರೂ ಕೇಳಿರಲಿಲ್ಲ. (ಬೀರವ್ವನ ಗಂಡ ದೀಪಾವಳಿಗೆ ಸರಿಯಾಗಿ ಬಂದ, ಎಂದಿನಂತೆ ದಾಡಿ ಬಿಟ್ಟುಕೊಂಡು.)

ಉಣ್ಣುತ್ತ ಉಣ್ಣುತ್ತ ಅಜ್ಜನ ಮಾತು ಬಂತು. ಮಗ್ಗದಲ್ಲಿ ಕೂತು ಹಾಡುತ್ತಿದ್ದನಂತೆ, ಸ್ವರ ಮಾತ್ರ ಕತ್ತೆಯದಂತೆ. "ಅಂವಾ ಹಾಡ ಶುರೂ ಮಾಡಿದ ಅಂದ್ರ ನಮ್ಮ ಟಗರ ಕಣ್ಣಿ ಹರಕೊಂಡ ಓಡತಿತ್ತು" ಅಂದಳು ಬೀರವ್ವ. ಎಲ್ಲರೂ ನಕ್ಕರು. ಆಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು. ಬಳೆ ಸದ್ದಿನ ಜೊತೆ ಹಿತ್ತಾಳೆಯ ಸದ್ದು ಖಾಲಿ ಮನೆಯಲ್ಲಿ ಎಷ್ಟೋ ಹೊತ್ತು ಗುಂಯ್ಗುಡುತ್ತಿತ್ತು.

ಬಿಸಿಲು ಇಳಿದಾಗ ಒಬ್ಬೊಬ್ಬರಾಗಿ ಭಾಂಡೆ ತೊಳೆದು ಸೊಂಟಕ್ಕಿಟ್ಟುಕೊಂಡು ಹೋದರು. ಆಯಿ ಹೊಸ್ತಿಲಲ್ಲಿ ನಿಂತು ಕೊನೆಯವರು ಓಣಿ ತಿರುಗುವವರೆಗೂ ನೋಡಿದಳು. ಆಮೇಲೆ ಒಳಗೆ ಬಂದು ಅವ್ವನ ಜೊತೆ ಕೂಡಿ ಹಲಗೆ ಎತ್ತಿದಳು. ಕುಣಿಯಿಂದ ತಣ್ಣನೆಯ ಮಣ್ಣಿನ ವಾಸನೆ ಬಂತು. ಕಸಬರಿಗೆ ಹಿಡಿದು ತಾನೇ ಇಳಿದಳು. ಗುಡಿಸಿ ಮುಗಿದ ಮೇಲೆ ಅಂಚಿನ ಮೇಲೆ ಅಜ್ಜ ಕೂರುತ್ತಿದ್ದ ಕಡೆ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅವ್ವನ ಕಡೆ ಕೈ ಚಾಚಿದಳು.

"ಎಬ್ಬಸು ನನ್ನ. ಇನ್ನ ನೀ ಕೂಡು."

ಘಟ ಕೂರುವ ಮುಂಚಿನ ಸಂಜೆ ಚಕ್ಕಡಿ ಬಂತು. ಆಯುಧ, ಹತಾರಗಳಿಗೆ ಪೂಜೆ ಮಾಡುವ ಖಂಡೆ ಪೂಜೆಯ ದಿನ ಮಗ್ಗಕ್ಕೆ ಚೆಂಡುಹೂ ಹಾಕಿದೆವು. ಚಕ್ಕಡಿ ಬಂದ ಸಂಜೆಯೇ ಓಣಿಯಲ್ಲಿದ್ದ ಸಾಮಾನು ಒಳಗೆ ಬರುವಾಗ ಅವ್ವನೂ ಆಯಿಯೂ ಬಾಗಿಲಲ್ಲಿ ನಿಂತು ಒಂದೊಂದನ್ನೂ "ಇದು ಬೇಕೋ, ಬ್ಯಾಡೋ" ಅಂತ ಕೂಡಿಯೇ ನಿರ್ಧರಿಸಿದರು. ಅರ್ಧಕ್ಕರ್ಧ ಒಳಗೆ ಬಂತು, ಉಳಿದದ್ದು ಬೇಕಾದವರ ಮನೆಗೆ ಹೋಯಿತು. ಅಲ್ಲಿಂದ ಮುಂದೆ ನಮ್ಮ ಮನೆಯ ಬೆಳಕು ಕೆಂಪು, ಹಸಿರು ನೂಲಿನ ಮೇಲೆ ಬೀಳುತ್ತಿತ್ತು. ಲಾಳಿಯ ಸದ್ದು ಕೇಳುತ್ತ ನಾನು ನೆಲದ ಮೇಲೆ ಮಲಗಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ, ಯಾವ ಹೊತ್ತಿಗೆ ನಿದ್ದೆ ಹೋದೆ ಅಂತ ತಿಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಇದ್ದಷ್ಟು ಸುಖವಾಗಿ ನಾನು ಮತ್ತೆಲ್ಲೂ ಇರಲಿಲ್ಲ.

ಈಗ ನಾನು ಬಾಗಲಕೋಟೆಯಲ್ಲಿದ್ದೇನೆ. ಮನೆ ಅಚ್ಚುಕಟ್ಟು. ಅಡುಗೆಮನೆಯಲ್ಲಿ ಒಂದೇ ಅಳತೆಯ ಡಬ್ಬಿ, ಬೇಡದ್ದು ಒಂದೂ ಇಲ್ಲ. ಬಂದವರೆಲ್ಲ ಹೊಗಳುತ್ತಾರೆ, ನನಗೂ ಹಮ್ಮು ಉಂಟು. ಹೋದ ಮಳೆಗಾಲ ಅವ್ವ ಈ ಮನೆಯಲ್ಲೇ ತೀರಿಕೊಂಡಳು. ನೆರೆಯವರು ಒಳ್ಳೆಯವರು, ದೂರುವುದಿಲ್ಲ. ಒಲೆ ಹಚ್ಚಲು ಬಿಡಲಿಲ್ಲ, ಹೊತ್ತು ಹೊತ್ತಿಗೆ ಊಟ ಕಳಿಸಿದರು. ಎಲ್ಲ ಹೋಟೆಲಿನ ಪೊಟ್ಟಣ, ಪ್ಲಾಸ್ಟಿಕ್ ಡಬ್ಬಿ. "ವಾಪಸ್ ಕೊಡೂ ತ್ರಾಸ ತಗೋಬ್ಯಾಡ್ರಿ ಅಕ್ಕಾರ, ಒಗದಬಿಡ್ರಿ" ಅಂದರು. ಒಗೆದೆ. ಬೆಳಿಗ್ಗೆ ಕಸದ ಗಾಡಿ ಬಂದು ಒಯ್ದಿತು.

ಕಾರ್ಯದ ದಿನ ಹುಗ್ಗಿ ಮಾಡಿದೆ, ಬೆಲ್ಲ ಕಮ್ಮಿ ಮಾಡಲಿಲ್ಲ. ಬಂದವರು ಉಂಡು, ಕೈತೊಳೆದು, ಕೈಬೀಸಿಕೊಂಡು ಹೋದರು. ಎತ್ತಿಕೊಂಡು ಹೋಗಲು ನನ್ನ ಮನೆಯಲ್ಲಿ ಯಾರ ಭಾಂಡೆಯೂ ಇರಲಿಲ್ಲ.